ಗಾಡಿ ನೋಡುವ ರಾಜೇಸಾಬರು

ರಾಜೇಸಾಬ ಮಿಸ್ತ್ರಿ ಹಳೇ ಕಾರಿನ ಕೆಳಗೆ ಮಲಗಿದರೆಂದರೆ ಅವರು ಹೊರಗೆ ಬರುವುದನ್ನು ಕಾಯುವುದೇ ಉಳಿದವರಿಗೆಲ್ಲ ಒಂದು ಕೆಲಸವಾಗುತ್ತಿತ್ತು. ಬಗಲಲ್ಲಿ ಸುತ್ತಿಕೊಂಡು ತಂದ ಗೋಣಿಚೀಲವನ್ನು ನೆಲಕ್ಕೆ ಹಾಸಿ, "ಯಾ ಅಲ್ಲಾ" ಎಂದು ಸೊಂಟ ಹಿಡಿದುಕೊಂಡು ಕೂತು, ಅಂಗಾತ ಜಾರಿ ಒಳಗೆ ಹೋಗುತ್ತಿದ್ದರು. ಆಮೇಲೆ ನಮಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ತಾಸು. ಮಾರುವವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮಿಸ್ತ್ರಿಗೆ ನಿದ್ದೆ ಹತ್ತಿತೇನು ಎಂದು ಬಗ್ಗಿ ನೋಡಿದವರೂ ಇದ್ದರು. ನಾನೂ ಒಮ್ಮೆ ಬಗ್ಗಿ ನೋಡಿದೆ. ಕಣ್ಣು ತೆರೆದೇ ಇದ್ದವು. ಎಂಜಿನ್ನಿನ ತಳದಲ್ಲಿ ಎಣ್ಣೆಯ ಹನಿ ಎಲ್ಲಿ ಕಟ್ಟುತ್ತದೆ, ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ನೋಡುತ್ತಿದ್ದರು. ಬಂದವರಿಗೆ ತೋರಿಸಲೆಂದು ಒರೆಸಿಟ್ಟ ಎಂಜಿನ್ನು ಸ್ವಲ್ಪ ಹೊತ್ತು ಸಭ್ಯರಂತೆ ಇರುತ್ತದೆ, ಆಮೇಲೆ ತನ್ನ ಗುಣ ತೋರಿಸುತ್ತದೆ ಎನ್ನುವುದು ಅವರ ಅನುಭವ. ಹಾಗೆಂದು ನಿದ್ದೆ ಮಾಡುತ್ತಲೇ ಇರಲಿಲ್ಲ ಎಂದು ನಾನು ಹೇಳಲಾರೆ. ಬ್ಯಾಡಗಿಯಲ್ಲಿ ಒಂದು ಸಲ ಗೊರಕೆಯನ್ನು ನಾನೇ ಕೇಳಿದ್ದೇನೆ.

ಪಾಪ, ನಿದ್ದೆಗೆ ಅವರಿಗೆ ಬೇರೆ ಹೊತ್ತಾದರೂ ಎಲ್ಲಿತ್ತು. ರಾಣೆಬೆನ್ನೂರಿನ ಪಿ.ಬಿ. ರಸ್ತೆಯ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ವಾರವೆಲ್ಲ ಜೀಪು, ಟ್ರ್ಯಾಕ್ಟರು, ಡೀಸೆಲ್ ಪಂಪು ಎಂದು ಮೈಗೆ ಎಣ್ಣೆ ಬಳಿದುಕೊಳ್ಳುವುದು. ರವಿವಾರ ಬಂತೆಂದರೆ ಯಾರಾದರೊಬ್ಬರು ಶೆಡ್ಡಿನ ಮುಂದೆ ಹಾಜರು. "ಹಾವೇರ್ಯಾಗ ಒಂದು ಗಾಡಿ ಐತಿ, ಒಂಚೂರು ನೋಡಿಕೊಟ್ಟುಬಿಡ್ರಿ." ಎಂಬತ್ತರ ದಶಕದ ನಡುವಿನ ಮಾತಿದು. ನಮ್ಮ ಕಡೆ ಹೊಸ ಕಾರು ಕೊಳ್ಳುವವರು ಬೆರಳೆಣಿಕೆಯ ಮಂದಿ. ಉಳಿದವರು ಇನ್ನೊಬ್ಬರು ಓಡಿಸಿ ಬಿಟ್ಟದ್ದನ್ನೇ ಕೊಳ್ಳಬೇಕು. ಹೆಣ್ಣು ನೋಡಲು ಹೋಗುವಾಗ ಹಿರಿಯರನ್ನು ಕರೆದುಕೊಂಡು ಹೋಗುವಂತೆ ಗಾಡಿ ನೋಡಲು ರಾಜೇಸಾಬರನ್ನು ಕರೆದೊಯ್ಯುತ್ತಿದ್ದರು. ಇದಕ್ಕೆ ಅವರು ಬಸ್ಸಿನ ಚಾರ್ಜು ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ನೋಡುವುದಕ್ಕೆ ದುಡ್ಡು ತೆಗೆದುಕೊಂಡರೆ ಕಣ್ಣು ಮಂಜಾಗುತ್ತವೆ ಎನ್ನುತ್ತಿದ್ದರು. ಅವರ ಹೆಂಡತಿ ಮೆಹಬೂಬಿಗೆ ಇದು ತಲೆನೋವು. ಮನೆಯ ಮಾಡು ಸೋರುತ್ತಿದ್ದರೂ ಈ ಮನುಷ್ಯ ಊರಮಂದಿಯ ಗಾಡಿಯ ಕೆಳಗೆ ಮಲಗಲು ಹೋಗುತ್ತಾನೆ ಎಂದು ನಮ್ಮೆದುರಿಗೇ ಬೈಯುತ್ತಿದ್ದಳು. ಮಿಸ್ತ್ರಿ ಆ ಕಡೆ ಕಿವಿಯೇ ಕೊಡದೆ ಗೋಣಿಚೀಲ ಸುತ್ತುತ್ತಿದ್ದರು.

"ಹಳೇ ಗಾಡಿ ತೊಗೊಳ್ಳೂದಂದ್ರ ಮಂದಿ ಬ್ಯಾನಿ ಮನಿಗೆ ತಂದ್ಕೊಂಡಂಗರಿ ಸಾವಕಾರ್ರ. ಯಾವ ಬ್ಯಾನಿ ಅಂತ ತಿಳಕೊಂಡು ತರಬೇಕು, ಅಷ್ಟ." ಹಳೇ ಗಾಡಿಯೆಂದರೆ ಬೇರೆಯವರ ರೋಗ ಎಂದು ಅವರು ನನಗೆ ಹತ್ತು ಸಲವಾದರೂ ಹೇಳಿದ್ದರು. ನಾನು ಸಾವಕಾರನೂ ಅಲ್ಲ, ಏನೂ ಅಲ್ಲ. ಬ್ಯಾಡಗಿಯಲ್ಲಿ ನನ್ನದೊಂದು ಬೀಜ-ಗೊಬ್ಬರದ ಸಣ್ಣ ಅಂಗಡಿ. ಮನೆ, ಹೊಲ ಕದರಮಂಡಲಗಿಯಿಂದ ಒಳಗಿನ ನಮ್ಮ ಹಳ್ಳಿಯಲ್ಲಿ. ಆದರೆ ಅಂಗಡಿಗೊಂದು ಬಾಗಿಲು, ಬಾಗಿಲಿಗೊಂದು ಕೀಲಿ ಇದ್ದವರೆಲ್ಲ ಮಿಸ್ತ್ರಿಯ ಬಾಯಲ್ಲಿ ಸಾವಕಾರರೇ. ನಮ್ಮ ಹೊಲದ ಪಂಪು ಕೆಟ್ಟಾಗಲೆಲ್ಲ ಅವರೇ ಬಂದು ರಿಪೇರಿ ಮಾಡುತ್ತಿದ್ದರು. ಪರಿಚಯ ಆದದ್ದು ಹಾಗೆ.

ಅವರು ಗಾಡಿ ನೋಡುವ ಚಂದವನ್ನು ನಾನು ಮೊದಲು ಕಂಡದ್ದು ಹಾವೇರಿಯಲ್ಲಿ, ನನ್ನ ಷಡ್ಡಕ ಬಸವರಾಜನ ಜೊತೆ ಹೋದಾಗ. ವಕೀಲರೊಬ್ಬರ ಅಂಬಾಸಿಡರ್ ಕಾರು. ಮನೆಯಿಂದ ಕೋರ್ಟು, ಕೋರ್ಟಿನಿಂದ ಮನೆ, ಮೂರನೆಯ ದಾರಿಯನ್ನೇ ಈ ಗಾಡಿ ಕಂಡಿಲ್ಲ ಎಂದು ವಕೀಲರು ಕೈ ಬೀಸಿ ವಾದ ಮಾಡಿದರು. ಮೀಟರೂ ಅವರ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ಮಿಸ್ತ್ರಿ ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟರು. ಬೆಚ್ಚಗಿತ್ತು. ನಾವು ಬರುವ ಮುಂಚೆಯೇ ಎಂಜಿನ್ನು ಕಾಯಿಸಿ ಇಟ್ಟಿದ್ದರು. ಮಿಸ್ತ್ರಿ ಕಟ್ಟೆಯ ಮೇಲೆ ಕೂತು ಎರಡು ಸಲ ಚಹಾ ಕುಡಿದು, ಎಂಜಿನ್ನು ಪೂರ್ತಿ ಆರಿದ ಮೇಲೆ ಎದ್ದರು. ಜೇಬಿನಿಂದ ಹಳೇ ರೇಡಿಯೋದ ಅಯಸ್ಕಾಂತವೊಂದನ್ನು ತೆಗೆದು ಬಾಗಿಲ ಮೇಲೆ ಸರಿಸುತ್ತ ಹೋದರು. ತಗಡು ಇದ್ದಲ್ಲಿ ಅದು ಕಚ್ಚುತ್ತದೆ, ಬರೀ ಪುಟ್ಟಿ ತುಂಬಿ ಬಣ್ಣ ಹೊಡೆದಲ್ಲಿ ಕೈಯಿಂದ ಜಾರುತ್ತದೆ. ಬ್ರೇಕಿನ ಪೆಡಲಿನ ರಬ್ಬರನ್ನು ಹೆಬ್ಬೆರಳಿನಿಂದ ಸವರಿದರು. ಕೊನೆಗೆ ಹಿಂದಿನ ಸೀಟು ಎತ್ತಿಸಿ, ಅದರ ಕೆಳಗಿನ ಮೂಲೆಯಲ್ಲಿ ಬೆರಳಾಡಿಸಿ, ಏನನ್ನೋ ಚಿವುಟಿ ಜೇಬಿಗೆ ಹಾಕಿಕೊಂಡರು. ವಕೀಲರಿಗೆ ಕೈಮುಗಿದು, ಚಲೋ ಚಹಾ ಆಯಿತೆಂದು ಹೊರಟರು.

ಬಸವರಾಜನಿಗೆ ತಡೆಯಲಾಗಲಿಲ್ಲ. ಗೇಟು ದಾಟುತ್ತಿದ್ದಂತೆ ಹೇಗಿದೆ, ಹೇಗಿದೆ ಎಂದು ಗಂಟುಬಿದ್ದ. ಮಿಸ್ತ್ರಿ ಆ ಓಣಿ ದಾಟಿ, ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಕೂತ ಮೇಲೆಯೇ ಅಂಗೈ ಬಿಚ್ಚಿದರು. ಐದಾರು ಮೆಣಸಿನಕಾಯಿ ಬೀಜ. "ಇವು ಯಾವ ಕೇಸಿನ ಸಾಕ್ಷಿದಾರ್ರೋ ಕೇಳ್ರಿ ವಕೀಲರಿಗೆ" ಎಂದರು. ಸುಗ್ಗಿಯಲ್ಲಿ ಆ ಕಾರು ಸೀಟು ತೆಗೆಸಿಕೊಂಡು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೊತ್ತಿತ್ತು. ಅದರ ಪಾಟಾಗಳು, ಎಂದರೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳು, ಹೋಗಿದ್ದವು; ಪೆಡಲಿನ ರಬ್ಬರು ಸವೆದದ್ದು ನೋಡಿದರೆ ಮೀಟರನ್ನೂ ಹಿಂದಕ್ಕೆ ತಿರುಗಿಸಿದ್ದರು. ಇದನ್ನು ಅಲ್ಲೇ ಯಾಕೆ ಹೇಳಲಿಲ್ಲ ಎಂದು ಬಸವರಾಜ ಸಿಟ್ಟಾದ.

ಆಗ ಅವರು ಹೇಳಿದ್ದನ್ನು ನಾನು ಲಕ್ಷ್ಯಗೊಟ್ಟು ಕೇಳಬೇಕಿತ್ತು. "ಮಾರಾವ್ರ ಅಂಗಳದಾಗ ನಿಂತು ಅವರ ಮಾಲಿನ ಐಬು ಆಡಬಾರದ್ರಿ. ಒಳಗ ಹೆಣ್ಣುಮಕ್ಕಳು ಕೇಳ್ತಿರ್ತಾರ. ಓಣಿ ದಾಟಿದ ಮ್ಯಾಲ ಕೇಳ್ರಿ, ಒಂದೂ ಬಿಡದ ಹೇಳ್ತೇನಿ. ಆದ್ರ ನೀವು ಸಂಚಕಾರ ಕೊಟ್ಟು, ಸಕ್ಕರಿ ತಿಂದ್ರಿ ಅಂದ್ರ ಮುಂದ ನನ್ನ ಏನೂ ಕೇಳಬ್ಯಾಡ್ರಿ. ಕೂಡಿದ ಮ್ಯಾಲ ಐಬು ತಗಿಯೂದು ಪಾಪ." ವ್ಯವಹಾರ ಕುದುರಿದರೆ ಕೊಳ್ಳುವವರು ಮುಂಗಡವಾಗಿ ಸಂಚಕಾರ ಕೊಡುವುದು, ಮಾರುವವರ ಮನೆಯಿಂದ ತಟ್ಟೆಯಲ್ಲಿ ಸಕ್ಕರೆ ತಂದು ಎಲ್ಲರ ಕೈಗೂ ಒಂದೊಂದು ಚಿಟಿಕೆ ಹಾಕುವುದು ನಮ್ಮಲ್ಲಿಯ ರೂಢಿ. ಆ ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಮುಗಿಯಿತು. ಮತ್ತೆ ಹಿಂದೆ ಸರಿದವನಿಗೆ ಪೇಟೆಯಲ್ಲಿ ಕಿಮ್ಮತ್ತಿರುವುದಿಲ್ಲ.

ಮುಂದಿನ ವರ್ಷ ನನಗೇ ಕಾರು ಬೇಕಾಯಿತು. ಶೋಕಿಗಲ್ಲ. ನನ್ನ ಮಗಳು ಸುನಂದಾಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಸೊರಗಿತ್ತು. ಊರ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದಳು. ಮುಂದಿನದಕ್ಕೆ ಬ್ಯಾಡಗಿಯ ಹೈಸ್ಕೂಲೇ ಗತಿ. ನಮ್ಮೂರಿಗೆ ಬರುವ ಬಸ್ಸಿನ ಮೆಟ್ಟಿಲು ಹತ್ತುವುದು ಕೈಕಾಲು ನೆಟ್ಟಗಿದ್ದವರಿಗೇ ಕುಸ್ತಿ. ಒಂದು ವಾರ ನಾನೇ ಎತ್ತಿ ಹತ್ತಿಸಿದೆ. ಎಂಟನೆಯ ದಿನ ಅವಳು, ಅಪ್ಪಾ, ಮಂದಿ ನೋಡುತ್ತಾರೆ, ನಾನು ಶಾಲೆಗೆ ಹೋಗುವುದಿಲ್ಲ ಎಂದಳು. ಅವಳ ಅವ್ವ ಒಳಗೆ ಹೋಗಿ ಅತ್ತಳು. ದಿನಾ ಹೇಗೂ ಅಂಗಡಿಗೆ ಹೋಗುತ್ತೇನೆ, ಒಂದು ಗಾಡಿ ಇದ್ದರೆ ಹುಡುಗಿಯ ಓದು ನಡೆಯುತ್ತದೆ ಎಂದು ನಾನು ಗಟ್ಟಿಮಾಡಿದೆ.

ಬ್ಯಾಡಗಿಯಲ್ಲಿ ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿಯವರೊಬ್ಬರು ಒಂದು ಬಿಳಿ ಅಂಬಾಸಿಡರ್ ಮಾರುವವರಿದ್ದರು. ರಾಜೇಸಾಬರನ್ನು ಕರೆದುಕೊಂಡು ಹೋದೆ. ಬಾನೆಟ್ಟು ತಣ್ಣಗಿತ್ತು. ಅಯಸ್ಕಾಂತ ಎಲ್ಲ ಕಡೆ ಕಚ್ಚಿತು. ಸೀಟಿನ ಕೆಳಗೆ ಒಂದು ಬೀಜವೂ ಸಿಗಲಿಲ್ಲ. ಮಿಸ್ತ್ರಿ ಗೋಣಿಚೀಲ ಹಾಸಿ ಕೆಳಗೆ ಹೋದರು. ನಾನು ಕಾಯುತ್ತ ನಿಂತೆ. ಅಷ್ಟರಲ್ಲಿ ಸ್ಕೂಟರಿನಲ್ಲಿ ಇಬ್ಬರು ಬಂದು, ಗಾಡಿ ಇದೆಯೋ ಹೋಯಿತೋ ಎಂದು ಕೇಳಿದರು. ಮಾಲೀಕರು ನನ್ನ ಮುಖ ನೋಡಿದರು. ಆ ನೋಟಕ್ಕೆ ನನ್ನ ತಲೆ ಕೆಟ್ಟಿತು. ಶಾಲೆ ಶುರುವಾಗಿ ತಿಂಗಳಾಗುತ್ತ ಬಂದಿತ್ತು. ಇಷ್ಟು ಹೊತ್ತು ನೋಡಿ ಮಿಸ್ತ್ರಿ ಏನೂ ಕೊಂಕು ತೆಗೆದಿಲ್ಲ, ಇನ್ನೇನು ತೆಗೆಯುತ್ತಾರೆ ಎಂದುಕೊಂಡೆ. ಜೇಬಿನಿಂದ ಸಂಚಕಾರ ತೆಗೆದು ಮಾಲೀಕರ ಕೈಯಲ್ಲಿಟ್ಟೆ. ಒಳಗಿನಿಂದ ಸಕ್ಕರೆ ಬಂತು. ಬಾಯಿಗೆ ಹಾಕಿಕೊಂಡೆ.

ಮಿಸ್ತ್ರಿ ಹೊರಗೆ ಬಂದು, ಎದ್ದು ನಿಂತು, ಕೈ ಒರೆಸಿಕೊಳ್ಳುತ್ತ ನನ್ನನ್ನು ನೋಡಿದರು. ಮನೆಯವರು ಅವರ ಅಂಗೈಗೂ ಒಂದು ಚಿಟಿಕೆ ಸಕ್ಕರೆ ಹಾಕಿದರು. ಅವರು ಅಂಗೈಯನ್ನೊಮ್ಮೆ, ಗಾಡಿಯ ಮುಂದಿನ ಚಕ್ರವನ್ನೊಮ್ಮೆ ನೋಡಿದ್ದು ನನಗೆ ಈಗಲೂ ನೆನಪಿದೆ. ಆಮೇಲೆ ಬಾಯಿಗೆ ಹಾಕಿಕೊಂಡು, "ಚಲೋ ಆತ್ರಿ. ಹುಡುಗಿ ಸಾಲಿಗೆ ಹೋಗಲಿ" ಎಂದರು. ಓಣಿ ದಾಟಿದ ಮೇಲೂ ಏನೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಸಂತೋಷದಲ್ಲಿದ್ದೆ.

ಹದಿನೈದು ದಿನ ಕಳೆದಿರಲಿಲ್ಲ, ಒಂದು ರವಿವಾರ ಮಿಸ್ತ್ರಿ ನಮ್ಮ ಮನೆಯ ಮುಂದೆ ಬಸ್ಸಿಳಿದರು. ಈ ಕಡೆ ಯಾರದೋ ಪಂಪು ನೋಡಲು ಬಂದಿದ್ದೆ ಎಂದರು. ಬಂದ ಮೇಲೆ ಒಂದಿಷ್ಟು ಗಾಡಿ ನೋಡಿಯೇ ಹೋಗುತ್ತೇನೆಂದು ಗೋಣಿಚೀಲ ಹಾಸಿದರು. ಮತ್ತೆ ಹದಿನೈದು ದಿನಕ್ಕೆ ಇನ್ನೊಬ್ಬರ ಪಂಪು. ಹೀಗೆ ನಮ್ಮ ಸುತ್ತಿನ ಹಳ್ಳಿಗಳ ಪಂಪುಗಳೆಲ್ಲ ಸರದಿಯ ಪ್ರಕಾರ ಹದಿನೈದು ದಿನಕ್ಕೊಂದು ಕೆಡತೊಡಗಿದವು. ಮಿಸ್ತ್ರಿ ಬರುವುದು, ಮುಂದಿನ ಚಕ್ರದ ಕೆಳಗೆ ಮಲಗುವುದು, ಎದ್ದು ಕೈ ತೊಳೆದು, ನನ್ನ ಹೆಂಡತಿ ಬಡಿದ ರೊಟ್ಟಿ ಉಂಡು, ಸುನಂದಾ ಏನು ಓದುತ್ತಿದ್ದಾಳೆಂದು ಕೇಳಿ ಬಸ್ಸು ಹತ್ತುವುದು. ವರ್ಷಕ್ಕೆ ಎರಡು ಸಲ, ಶಾಲೆಗೆ ಸೂಟಿ ಬಿಟ್ಟಾಗ, ಗ್ರೀಸು ಹಾಕಬೇಕೆಂದು ಗಾಡಿಯನ್ನು ರಾಣೆಬೆನ್ನೂರಿನ ಶೆಡ್ಡಿಗೆ ತರಿಸಿಕೊಂಡು ಎರಡು ದಿನ ಇಟ್ಟುಕೊಳ್ಳುತ್ತಿದ್ದರು. ನಲವತ್ತರ ಮೇಲೆ ಓಡಿಸಬೇಡಿ, ಗಾಡಿಗೆ ವಯಸ್ಸಾಗಿದೆ ಎಂದು ಬಂದಾಗಲೆಲ್ಲ ಹೇಳುತ್ತಿದ್ದರು.

ಮೊದಮೊದಲು ನನಗೆ ಹೆಮ್ಮೆ ಇತ್ತು. ಆಮೇಲೆ ಬೇಸರ ಬಂತು, ಸುಳ್ಳು ಯಾಕೆ ಹೇಳಲಿ. ವಾರವೆಲ್ಲ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಬಾಯಿ ಬಡಿದುಕೊಂಡು ರವಿವಾರ ಒಂದಿಷ್ಟು ಕಾಲು ಚಾಚೋಣವೆಂದರೆ ಮಿಸ್ತ್ರಿ ಬಂದರು ಎಂದು ಹೆಂಡತಿ ಎಬ್ಬಿಸುತ್ತಿದ್ದಳು. ರೊಟ್ಟಿಯ ರುಚಿಗೆ ಬರುತ್ತಾರೆ ಎಂದು ಅವಳ ಮುಂದೆ ಚೇಷ್ಟೆ ಮಾಡಿದ್ದೂ ಉಂಟು. ಅವಳು ನಗಲಿಲ್ಲ.

ಒಂದು ಸುಗ್ಗಿಯಲ್ಲಿ ಲಾರಿ ಸಿಗದೆ ನಾನು ಹಿಂದಿನ ಸೀಟು ತೆಗೆದು ನಮ್ಮ ಹೊಲದ ಮೆಣಸಿನಕಾಯಿ ಚೀಲಗಳನ್ನು ಕಾರಿನಲ್ಲೇ ಪೇಟೆಗೆ ಸಾಗಿಸಿದೆ. ಮುಂದಿನ ರವಿವಾರ ಮಿಸ್ತ್ರಿ ಸೀಟು ಎತ್ತಿದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಆ ಒಂದೇ ಸಲ. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಒಗೆದರು. ಇದರಲ್ಲಿ ಚೀಲ ಹೇರಿದಿರಾ ಎಂದು ಕೇಳಿದರು. ನನಗೂ ರೇಗಿತು. "ಹೇರಿದ್ರ ಏನಾತ್ರಿ? ಗಾಡಿ ನಂದು, ಮೆಣಸಿನಕಾಯಿನೂ ನಂದ" ಎಂದುಬಿಟ್ಟೆ.

"ಗಾಡಿ ನಿಮ್ದು, ಮೆಣಸಿನಕಾಯಿ ನಿಮ್ದು. ಇದರಾಗ ದಿನಾ ಕುಂದ್ರೂ ಹುಡುಗಿ ಯಾರದು?"

ನನಗೆ ಅರ್ಥವಾಗಲಿಲ್ಲ. ವಯಸ್ಸಾಯಿತು, ಏನೇನೋ ಮಾತಾಡುತ್ತಾರೆ ಎಂದುಕೊಂಡೆ. ಅವತ್ತು ಅವರು ಊಟಕ್ಕೂ ನಿಲ್ಲಲಿಲ್ಲ. ಆದರೆ ಹದಿನೈದನೆಯ ದಿನ ಮತ್ತೆ ಬಂದರು. ನಾನೂ ಆ ಮೇಲೆ ಚೀಲ ಹೇರಲಿಲ್ಲ, ಅವರ ಮಾತು ತಿಳಿದು ಅಲ್ಲ, ಮತ್ತೊಂದು ಜಗಳ ಬೇಡವೆಂದು.

ಹೀಗೆ ಐದು ವರ್ಷ. ಸುನಂದಾ ಹೈಸ್ಕೂಲು ಮುಗಿಸಿದಳು, ಪಿ.ಯು.ಸಿ. ಮುಗಿಸಿದಳು, ಶಿಕ್ಷಕರ ತರಬೇತಿಗೆಂದು ಧಾರವಾಡದ ಹಾಸ್ಟೆಲ್ ಸೇರಿದಳು. ಗಾಡಿಯ ಕೆಲಸ ಮುಗಿಯಿತು. ಹಾವೇರಿಯ ಮಾಸ್ತರರೊಬ್ಬರು ಬಂದು ನೋಡಿ ಒಪ್ಪಿದರು. ಸಂಚಕಾರ ಕೊಟ್ಟರು, ನಮ್ಮ ಮನೆಯಲ್ಲಿ ಸಕ್ಕರೆ ತಿಂದು ಹೋದರು. ಮಿಸ್ತ್ರಿ ಎರಡು ತಿಂಗಳಿಂದ ಬಂದಿರಲಿಲ್ಲ. ಗಾಡಿ ಹೋಯಿತೆಂದು ಹೇಳಿ ಬರೋಣ, ಇಷ್ಟು ದಿನ ನೋಡಿಕೊಂಡಿದ್ದಾರೆ ಎಂದು, ಒಂದು ಪೊಟ್ಟಣ ಸಕ್ಕರೆ ಕಟ್ಟಿಸಿಕೊಂಡು ರಾಣೆಬೆನ್ನೂರಿಗೆ ಹೋದೆ.

ಶೆಡ್ಡು ಮುಚ್ಚಿತ್ತು. ಮನೆಯಲ್ಲಿ ಗೋಡೆಗೆ ದಿಂಬು ಆನಿಸಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆ, ಹಗಲೂ ರಾತ್ರಿ ಹೀಗೇ ಕೂತಿರುತ್ತಾರೆ ಎಂದು ಮೆಹಬೂಬಿ ಹೇಳಿದಳು. ಅವಳ ಬೈಗುಳವೂ ಸೋತುಹೋಗಿತ್ತು. ನಾನು ಪೊಟ್ಟಣ ಬಿಚ್ಚಿ, ಗಾಡಿ ಕೊಟ್ಟೆ ಮಿಸ್ತ್ರಿ, ಹಾವೇರಿಯ ಮಾಸ್ತರರಿಗೆ, ಇನ್ನು ನಿಮಗೂ ವಿಶ್ರಾಂತಿ ಎಂದೆ. ಅವರು ಕೈ ಚಾಚಲಿಲ್ಲ.

"ಸಕ್ಕರಿ ಬ್ಯಾಡ್ರಿ ಸಾವಕಾರ್ರ. ಅವರ ಸಂಚಕಾರ ತಿರುಗಿ ಕೊಡ್ರಿ. ಆ ಗಾಡಿ ಮುಂದಿನ ಚಾಸಿ ಮುರದದ್ದೈತಿ. ಎಂದೋ ದೊಡ್ಡ ಹೊಡತ ತಿಂದೈತಿ. ವೆಲ್ಡಿಂಗ್ ಮಾಡಿ, ಮ್ಯಾಲ ಡಾಂಬರ ಬಳದಾರ. ಅಡತಿಯವ್ರಿಗೂ ಗೊತ್ತಿತ್ತೋ ಇಲ್ಲೋ. ನಾ ಅವತ್ತ ನೋಡೇನಿ."

ಚಾಸಿ ಎಂದರೆ ಗಾಡಿಯ ಬೆನ್ನೆಲುಬು. ಅದು ಓಡುತ್ತಿರುವಾಗ ಬಿಟ್ಟರೆ ಚಕ್ರ ಒಂದು ಕಡೆ, ಮಂದಿ ಒಂದು ಕಡೆ. ನನಗೆ ಮೊದಲು ಬಂದದ್ದು ಕೋಪ. ಐದು ವರ್ಷ ನನ್ನ ಮಗಳನ್ನು ಅದರಲ್ಲಿ ಕೂರಿಸಿಕೊಂಡು ಓಡಾಡಿದ್ದೇನೆ, ನೋಡಿಯೂ ಹೇಳಲಿಲ್ಲವೇ ಎಂದು ಕೂಗಿದೆ. ಒಳಗಿನಿಂದ ಮೆಹಬೂಬಿ ಬಂದು ಬಾಗಿಲಲ್ಲಿ ನಿಂತಳು.

"ನಾ ಹೊರಗ ಬರೂದ್ರಾಗ ನಿಮ್ಮ ಬಾಯಾಗ ಸಕ್ಕರಿ ಇತ್ತು" ಎಂದರು ಮಿಸ್ತ್ರಿ. ಉಸಿರು ತೆಗೆದುಕೊಂಡು ನಿಧಾನವಾಗಿ ಮುಂದುವರಿಸಿದರು. "ಹೇಳಿದ್ರ ನೀವು ಅಂಜಿ ಗಾಡಿ ನಿಲ್ಲಸ್ತಿದ್ರಿ. ಗಾಡಿ ನಿಂತ್ರ ಹುಡುಗಿ ಸಾಲಿನೂ ನಿಲ್ತಿತ್ತು. ಹದಿನೈದು ದಿನಕ್ಕೊಮ್ಮೆ ನೋಡಿದ್ರ ನಡೀತೈತಿ ಅನ್ನಿಸ್ತು. ಸೂಟ್ಯಾಗ ಬಿಚ್ಚಿ ಮತ್ತ ವೆಲ್ಡಿಂಗ್ ಮಾಡ್ತಿದ್ನಿ. ನಡೀತು."

ಹಾಗಾದರೆ ಈಗ ಮಾತ್ರ ಯಾಕೆ ಹೇಳುತ್ತೀರಿ, ಈಗಲೂ ಸಕ್ಕರೆ ಹಂಚಿ ಆಗಿದೆಯಲ್ಲ ಎಂದು ನಾನು ಚುಚ್ಚಿದೆ.

"ಇನ್ನ ನನ್ನ ಕೈಲೆ ಬರಾಕ ಆಗಂಗಿಲ್ಲರಿ."

ನನ್ನ ಕೋಪ ಇಳಿಯಲಿಲ್ಲ. ಆದರೆ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ನೇತಾಡಿಕೊಂಡು ಬಂದು, ಕೆಡದ ಪಂಪುಗಳ ಸುಳ್ಳು ಹೇಳಿ, ನನ್ನ ಗೇಲಿ ಕೇಳಿಕೊಂಡು ಹೋಗುತ್ತಿದ್ದ ಮನುಷ್ಯನ ಮುಂದೆ ಕೂತಿದ್ದೆ. ಅವರು ಮಾಡಿದ್ದು ಸರಿ ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ. ಅವರಿಗೆ ನನ್ನ ಮಗಳ ಮೇಲೆ ಇದ್ದ ಜೀವ ಎಂಥದೆಂದು ತಿಳಿದು ಅಳು ಬಂದದ್ದೂ ನಿಜ. ಎರಡೂ ಒಂದೇ ಹೊತ್ತಿಗೆ. ಏಳುವಾಗ ಅವರ ಕಾಲು ಮುಟ್ಟಿದೆ. ಕಾಲು ಬಾತಿದ್ದವು.

ಹಾವೇರಿಗೆ ಹೋಗಿ ಮಾಸ್ತರರ ಹಣ ವಾಪಸು ಕೊಟ್ಟು ಇದ್ದದ್ದು ಇದ್ದಂತೆ ಹೇಳಿದೆ. ಹಾಗಾದರೆ ಐದು ವರ್ಷ ಹೇಗೆ ನಡೆಯಿತು ಎಂದು ಅವರು ಕೇಳಿದರು. ನೋಡಿಕೊಳ್ಳುವವರೊಬ್ಬರು ಇದ್ದರು ಎಂದೆ. ಹೆಚ್ಚಿನ ಬೆಲೆಗೆ ಬೇರೆ ಯಾರೋ ಸಿಕ್ಕಿರಬೇಕೆಂದು ಅವರು ತಿಳಿದುಕೊಂಡರೆಂದು ಕಾಣುತ್ತದೆ. ವಾದಿಸುವ ತ್ರಾಣ ನನಗಿರಲಿಲ್ಲ. ಗಾಡಿಯನ್ನು ಗುಜರಿಗೆ ಹಾಕಿ, ಅದನ್ನು ಕತ್ತರಿಸಿ ಮುಗಿಸುವ ತನಕ ಅಲ್ಲೇ ನಿಂತಿದ್ದು ಮನೆಗೆ ಬಂದೆ. ರಾಣೆಬೆನ್ನೂರಿಗೆ ಹೇಳಿ ಕಳಿಸಿದೆ. ಮಿಸ್ತ್ರಿ ಕೇಳಿ ತಲೆಯಾಡಿಸಿದರಂತೆ.

ಒಂದು ತಿಂಗಳೊಳಗೆ ತೀರಿಕೊಂಡರು. ರಾಣೆಬೆನ್ನೂರಿನ ಖಬರಸ್ತಾನದಲ್ಲಿ ಅಷ್ಟು ಮಂದಿ ಸೇರುತ್ತಾರೆಂದು ನಾನು ಎಣಿಸಿರಲಿಲ್ಲ. ಹಾವೇರಿಯಿಂದ, ಬ್ಯಾಡಗಿಯಿಂದ, ಹಳ್ಳಿಗಳಿಂದ ಬಂದಿದ್ದರು. ಮಣ್ಣು ಹಾಕಿ ಹೊರಗೆ ಬಂದರೆ ರಸ್ತೆಯ ಬದಿಗೆ ಹಳೇ ಕಾರುಗಳ ಸಾಲು. ಒಂದೊಂದನ್ನೂ ಅವರೇ ನೋಡಿಕೊಟ್ಟದ್ದು. ಬಸವರಾಜನೂ ಬಂದಿದ್ದ. ವಕೀಲರ ಗಾಡಿ ಬಿಟ್ಟ ಮೇಲೆ ಅವನೂ ಒಂದು ಕಾರು ಕೊಂಡಿದ್ದ, ಹೆಂಡತಿ-ಮಕ್ಕಳನ್ನು ಹಾಕಿಕೊಂಡು ಅದರಲ್ಲೇ ಓಡಾಡುತ್ತಿದ್ದ. ಬರ್ರಿ ಅಣ್ಣಾರ, ಊರ ತನಕ ಬಿಡುತ್ತೇನೆ ಎಂದು ಬಾಗಿಲು ತೆಗೆದ.

ನಾನು ಹತ್ತಲಿಲ್ಲ. ಮಿಸ್ತ್ರಿ ನಿಮ್ಮ ಮನೆಯ ಕಡೆ ಬರುತ್ತಿದ್ದರೇನು ಎಂದು ಕೇಳಿದೆ.

"ಬರ್ತಿದ್ರಲ್ಲರಿ. ತಿಂಗಳಿಗೊಮ್ಮೆ ತಪ್ಪಸ್ತಿದ್ದಿಲ್ಲ. ಆ ಕಡೆ ಯಾರದೋ ಪಂಪು ಕೆಟ್ಟೈತಿ ಅಂತಿದ್ರು. ಯಾಕ್ರಿ?"

ಅವನ ಕೈಯಿಂದ ಕೀಲಿ ಇಸಿದುಕೊಂಡೆ. "ಗಾಡಿ ಇಲ್ಲೇ ನಿಲ್ಲಲಿ ಬಸವರಾಜ. ಇವತ್ತ ಇಬ್ರೂ ಬಸ್ಸಿಗೆ ಹೋಗೂಣು" ಎಂದೆ.